ಫೋನ್‌ಬಂಡೆಗೆ ಹೋಗುವ ದಾರಿ

ಡಬ್ಬಿಯ ಮುಚ್ಚಳದ ರಬ್ಬರ್ ಪಟ್ಟಿಯಲ್ಲಿ ಭತ್ತದ ಒಂದು ಕಾಳು ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅಷ್ಟಕ್ಕೇ ಮುಚ್ಚಳದ ಒಂದು ಮೂಲೆ ಸರಿಯಾಗಿ ಕೂತಿರಲಿಲ್ಲ. ಒಳಗಿದ್ದ ನೋಟ್‌ಬುಕ್ಕಿನ ಅಂಚು ಇಬ್ಬನಿಗೆ ಉಬ್ಬಿ ಅಲೆಅಲೆಯಾಗಿತ್ತು. ಕಾಳನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಹೊಸ ಭತ್ತ. ನೋಟ್‌ಬುಕ್ಕಿನ ಕೆಳಗೆ ಅದರದೇ ಕದಿರು ಇತ್ತು, ಬುಡಕ್ಕೆ ಅರಿಶಿನದ ದಾರ ಸುತ್ತಿದ್ದರು. ಹೊಸ್ತಿನ ಹಬ್ಬದ ದಿನ ಹೊಸ ಪೈರನ್ನು ಬಾಗಿಲಿಗೆ, ಕಣಜಕ್ಕೆ, ನೇಗಿಲಿಗೆ ಕಟ್ಟುವ ಹಾಗೆ ಯಾರೋ ನನ್ನ ಡಬ್ಬಿಗೂ ಒಂದು ಕದಿರು ಕೊಟ್ಟಿದ್ದರು.

ಅದು ಆರನೆಯ ಡಬ್ಬಿ. ಶಿಕಾರಿಪುರ ಮತ್ತು ಸೊರಬ, ಈ ಎರಡು ತಾಲ್ಲೂಕುಗಳಲ್ಲಿ ನಾನು ಒಟ್ಟು ಆರು ಡಬ್ಬಿ ಇಟ್ಟಿದ್ದೆ, ಯುದ್ಧಭೂಮಿಯಲ್ಲೋ ಗಡಿಯಲ್ಲೋ ಸತ್ತ ಆರು ಜನ ಸೈನಿಕರಿಗಾಗಿ. ಎಲ್ಲವೂ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳೇ. ಒಳಗೇನಿದೆ ಎಂದು ಹೊರಗಿನಿಂದಲೇ ಕಾಣದಿದ್ದರೆ ಜನ ಪೊಲೀಸರಿಗೆ ಫೋನ್ ಮಾಡುತ್ತಾರೆ.

ಜಿಯೋಕ್ಯಾಶಿಂಗ್ ಎಂಬ ಈ ಆಟವನ್ನು ನಾನು ಭೂಗೋಳದ ಎಂ.ಎಸ್ಸಿ. ಓದುವಾಗ ಸಹಪಾಠಿಯೊಬ್ಬಳಿಂದ ಕಲಿತೆ. ಯಾರೋ ಒಂದು ಜಾಗದಲ್ಲಿ ಸಣ್ಣ ಡಬ್ಬಿ ಅಡಗಿಸಿ, ಅಲ್ಲಿಯ ಅಕ್ಷಾಂಶ ರೇಖಾಂಶಗಳನ್ನು ವೆಬ್‌ಸೈಟಿಗೆ ಹಾಕುತ್ತಾರೆ. ಬೇರೆಯವರು ಮೊಬೈಲಿನ ಜಿಪಿಎಸ್ ಹಿಡಿದು ಹುಡುಕಿಕೊಂಡು ಬಂದು, ಡಬ್ಬಿಯಲ್ಲಿರುವ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಹಾಗೆಯೇ ಮುಚ್ಚಿಟ್ಟು ಹೋಗುತ್ತಾರೆ. ನನಗೆ ಇದು ಯಾಕೆ ಹಿಡಿಸಿತು ಎಂದು ಯಾರಿಗೂ ಹೇಳಿರಲಿಲ್ಲ. ಇದರಲ್ಲಿ ಯಾರನ್ನೂ ಏನೂ ಕೇಳಬೇಕಾಗಿಲ್ಲ. ದಾರಿ ಕೇಳುವುದೆಂದರೆ ನನಗೆ ಚಿಕ್ಕಂದಿನಿಂದಲೂ ಹಿಂಸೆ. ಯಾವ ಊರು, ಯಾರ ಮಗಳು, ಮದುವೆ ಆಯಿತಾ, ಇಷ್ಟೂ ಮುಗಿದ ಮೇಲೆಯೇ ಎಡಕ್ಕೋ ಬಲಕ್ಕೋ ಎಂಬುದು ಬರುತ್ತದೆ. ಜಿಪಿಎಸ್ ಏನೂ ಕೇಳುವುದಿಲ್ಲ.

ಸೈನಿಕರ ವಿಷಯ ಆಮೇಲೆ ಬಂತು. ಶಿಕಾರಿಪುರದಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿರುವ ಕಾಲೇಜಿನಲ್ಲಿ ಗಣರಾಜ್ಯೋತ್ಸವಕ್ಕೆ ಈ ಆರು ಜನರ ಫೋಟೊ ಹಾಕಿ ದೊಡ್ಡ ಫ್ಲೆಕ್ಸ್ ಮಾಡಿಸಿದ್ದರು. ಮುಂದಿನ ವಾರ ಅದೇ ಫ್ಲೆಕ್ಸನ್ನು ಕ್ಯಾಂಟೀನಿನ ಸೌದೆಯ ಮೇಲೆ ಹೊದೆಸಿದ್ದರು, ಮುಖಗಳು ಒಳಗಾಗಿ. ಅವತ್ತಿನಿಂದ ಆ ಕಡೆಗೆ ಕಾಫಿಗೆ ಹೋಗುವುದು ಕಷ್ಟವಾಯಿತು. ಡಬ್ಬಿಗಳ ಯೋಚನೆಯನ್ನು ಪ್ರಿನ್ಸಿಪಾಲರ ಮುಂದಿಟ್ಟಾಗ ಅವರು, "ಈಸೂರು ಇದೆಯಲ್ಲಮ್ಮ, ಸ್ವಾತಂತ್ರ್ಯ ಹೋರಾಟದ ಊರು, ಅದನ್ನೂ ಸೇರಿಸಿಬಿಡಿ," ಎಂದರು.

"ಈಸೂರಿಗೆ ಜನ ಹೇಗೂ ಹೋಗುತ್ತಾರೆ ಸರ್."

"ಅದೂ ಹೌದು," ಎಂದು ಸಹಿ ಮಾಡಿದರು.

ಆರೂ ಮನೆಗಳಿಗೆ ಹೋಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಅವರನ್ನು ಹುಡುಕಿಕೊಂಡು ಬಂದವರು ಎಲ್ಲಿ ಬಂದು ನಿಲ್ಲಬೇಕು? ಸ್ಮಾರಕದ ಕಲ್ಲನ್ನು ಯಾರೂ ತೋರಿಸಲಿಲ್ಲ. ತಾಳಗುಂದದ ಕಡೆಯ ಒಬ್ಬ ತಂದೆ ಮೆಕ್ಕೆಜೋಳದ ಹೊಲದ ಪಕ್ಕದ ಹಳೆಯ ಬಸ್ ಶೆಲ್ಟರ್ ತೋರಿಸಿದರು. ಸೇನೆಯ ಭರ್ತಿಗೆ ಮಗ ದಿನಾ ಬೆಳಿಗ್ಗೆ ಓಡಲು ಶುರು ಮಾಡುತ್ತಿದ್ದುದು ಅಲ್ಲಿಂದ. ಶಿಕಾರಿಪುರದ ಒಬ್ಬರ ಹೆಂಡತಿ ಹಿಟ್ಟಿನ ಗಿರಣಿಯ ಹಿಂದಿನ ಗೋಡೆ ತೋರಿಸಿದರು. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಆರನೆಯವರ ಊರು ಜಡೆ ದಾಟಿದ ಮೇಲೆ. ಹನ್ನೊಂದು ವರ್ಷದ ಹಿಂದೆ ಗಡಿಯಲ್ಲಿ ಗುಂಡು ತಗುಲಿ ತೀರಿಕೊಂಡವರು. ಮನೆಯಲ್ಲಿದ್ದ ಅವರ ತಾಯಿ ನನ್ನ ಪ್ರಶ್ನೆ ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು, "ಬಾ ಮಗಾ," ಎಂದು ಗುಡ್ಡ ಹತ್ತತೊಡಗಿದರು. ಎಲ್ಲರೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ದಾರಿಯಲ್ಲಿ ಒಂದು ಹಳೆಯ ವೀರಗಲ್ಲು ವಾಲಿಕೊಂಡು ನಿಂತಿತ್ತು. ಸೊರಬದ ಕಡೆ ಇಂಥವು ಹೊಲಹೊಲದಲ್ಲೂ ಇವೆ. ಕತ್ತಿ ಹಿಡಿದ ವೀರ, ಕೆಳಗೆ ತುರುಗಳು, ಅಕ್ಷರ ಪೂರ್ತಿ ಸವೆದಿದೆ.

"ಇದು ಯಾರದು ಅವ್ವಾ?"

"ಯಾರಿಗೆ ಗೊತ್ತು. ಪಾಪ, ಹೊಡೆದಾಡಿ ಸತ್ತಾನೆ. ಈಗ ನಮ್ಮ ಆಕಳಿಗೆ ಮೈ ತಿಕ್ಕಕ್ಕೆ ಆಗೈತೆ."

ಗುಡ್ಡದ ನೆತ್ತಿಗೆ ಸ್ವಲ್ಪ ಕೆಳಗೆ, ಹೊಲದ ಅಂಚಿನಲ್ಲಿ ಒಂದು ಅಗಲವಾದ ಬಂಡೆ. ಊರಿನವರು ಅದಕ್ಕೆ ಫೋನ್‌ಬಂಡೆ ಎನ್ನುತ್ತಾರೆ. ಟವರ್ ಬರುವ ಮೊದಲು ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಮಗ ಭಾನುವಾರ ಸಂಜೆ ಐದಕ್ಕೆ ಫೋನ್ ಮಾಡುತ್ತಿದ್ದರಂತೆ. ಅವ್ವ ನಾಲ್ಕೂವರೆಗೇ ಹತ್ತಿ ಬಂದು ಕೂರುತ್ತಿದ್ದರು. ಗಾಳಿ ಜೋರಿದ್ದರೆ ಮಾತು ಕೇಳುತ್ತಿರಲಿಲ್ಲ, ಆಗ ಅವನ ಹೆಸರು ಹಿಡಿದು ಕೂಗುತ್ತಿದ್ದರಂತೆ, ಕೆಳಗಿನ ಮನೆಗಳವರಿಗೆಲ್ಲ ಕೇಳುವ ಹಾಗೆ. ಕೊನೆಯ ಸಲ ಮಾತಾಡಿದ್ದೂ ಅಲ್ಲೇ ಕೂತು.

ಬೇರೆಯವರ ಜಾಗದಲ್ಲಿ ಡಬ್ಬಿ ಇಡುವುದಾದರೆ ಒಪ್ಪಿಗೆ ಬೇಕು, ಅದು ಆಟದ ನಿಯಮ. "ಈ ಜಾಗ ಯಾರದು ಅವ್ವಾ?" ಎಂದು ಕೇಳಿದೆ.

"ನಮ್ದೇ ಮಗಾ. ಅವನಪ್ಪ ಗುಡ್ಡ ಕಡಿದು ಮಾಡಿದ್ದು."

ಆ ಎರಡನೆಯ ಮಾತಿನಲ್ಲೇ ನನಗೆ ತಿಳಿಯಬೇಕಿತ್ತು. ಪಹಣಿಯಲ್ಲಿ ಹೆಸರಿರುವ ಜಮೀನನ್ನು ಯಾರೂ ಕಡಿದು ಮಾಡಿದ್ದು ಎನ್ನುವುದಿಲ್ಲ. ತರಗತಿಯಲ್ಲಿ ಸರ್ವೆ ನಂಬರು, ನಕ್ಷೆ, ಚಕ್ಕುಬಂದಿ ಎಂದು ಪಾಠ ಮಾಡುವವಳು ನಾನು. ಮೊಬೈಲಿನಲ್ಲಿ ಪಹಣಿ ನೋಡಲು ಎರಡು ನಿಮಿಷ ಸಾಕಿತ್ತು. ಆದರೆ ಮಗನನ್ನು ಕಳೆದುಕೊಂಡ ತಾಯಿಯ ಮಾತಿಗೆ ಕಾಗದದ ಸಾಕ್ಷಿ ಹುಡುಕುವುದು ಅಸಹ್ಯವೆನಿಸಿತು. ನೋಡಲಿಲ್ಲ. ಅದರ ಬದಲು ಬಂಡೆಯ ಮೇಲೆ ಇಪ್ಪತ್ತು ನಿಮಿಷ ನಿಂತು ಜಿಪಿಎಸ್ಸಿನ ಹತ್ತು ರೀಡಿಂಗ್ ತೆಗೆದುಕೊಂಡು, ಸರಾಸರಿ ಮಾಡಿ, ಮಿನಿಟಿನ ಮೂರು ದಶಮಾಂಶದವರೆಗೆ ಬರೆದುಕೊಂಡೆ. ನನ್ನ ಆರು ಜಾಗಗಳಲ್ಲಿ ಅತ್ಯಂತ ನಿಖರವಾಗಿದ್ದುದು ಅದು.

ಪ್ರತಿ ಡಬ್ಬಿಯ ಪುಸ್ತಕದ ಮೊದಲ ಪುಟದಲ್ಲಿ ಆ ಸೈನಿಕರ ಹೆಸರು, ಊರು, ಹುಟ್ಟಿದ ಮತ್ತು ತೀರಿಕೊಂಡ ವರ್ಷ ಬರೆದು, ಕೆಳಗೆ ಒಂದು ಸಾಲು ಹಾಕಿದ್ದೆ: "ಈ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ." ಆಗಸ್ಟಿನಲ್ಲಿ ಇಟ್ಟದ್ದು. ನವೆಂಬರ್ ಕೊನೆಗೆ, ಕದಿರು ಸಿಕ್ಕ ಆ ದಿನ ಎಣಿಸಿದಾಗ, ಆರನೆಯ ಪುಸ್ತಕದಲ್ಲಿ ಹತ್ತೊಂಬತ್ತು ಜನ ಹೆಸರು ಬರೆದಿದ್ದರು. ಮುಚ್ಚಳ ಒರೆಸಿ, ಕದಿರನ್ನು ಇದ್ದಲ್ಲೇ ಇಟ್ಟು, ಡಬ್ಬಿ ಮುಚ್ಚುತ್ತಿದ್ದೆ.

"ಅದನ್ನ ಅಲ್ಲಿ ಇಡಬ್ಯಾಡ್ರೀ."

ಮೇಲಿನ ಶುಂಠಿ ಹೊಲದ ಬದುವಿನ ಮೇಲೆ ಐವತ್ತು ದಾಟಿದ ಒಬ್ಬರು ನಿಂತಿದ್ದರು. ತಲೆಗೆ ಟವೆಲ್ ಸುತ್ತಿದ್ದರು, ಕೈಯಲ್ಲಿ ಗುದ್ದಲಿ.

"ಯಾವ ಇಲಾಖೆ ನೀವು?"

"ಇಲಾಖೆ ಅಲ್ರೀ. ಕಾಲೇಜು."

"ಕಾಲೇಜಿನೋರಿಗೆ ಸರ್ವೆ ಎಂತಕ್ಕೆ?"

"ಇದು ಸರ್ವೆ ಅಲ್ಲ," ಎಂದು ವಿವರಿಸಲು ಹೊರಟೆ. ಅವರು ಬದು ಇಳಿದು ಬಂದು ಗುದ್ದಲಿಯನ್ನು ಬಂಡೆಗೆ ಒರಗಿಸಿದರು.

"ಆವತ್ತು ನೀವು ಇಲ್ಲಿ ಅರ್ಧ ತಾಸು ಮೊಬೈಲ್ ಹಿಡ್ಕಂಡು ನಿಂತಿದ್ರಿ, ನಾ ನೋಡೀನಿ. ಆಮೇಲೆ ಬಂದೋರೂ ಅಷ್ಟೇ. ಬೈಕ್ ನಿಲ್ಲಿಸ್ತಾರೆ, ಮೊಬೈಲ್ ನೋಡ್ಕಂಡು ಸೀದಾ ಇಲ್ಲಿಗೇ ಹತ್ತಿ ಬರ್ತಾರೆ. ಒಬ್ರಾದ್ರೂ ದಾರಿ ಕೇಳ್ಬೇಕಲ್ಲ? ಇಲ್ಲ. ನಮ್ಮೂರಿಗೆ ದಾರಿ ಕೇಳದೆ ಬರೋರು ಸರ್ವೇನೋರು ಮಾತ್ರ."

ನಾನು ಈ ಆಟದಲ್ಲಿ ಮೆಚ್ಚಿಕೊಂಡಿದ್ದೇ ಅದನ್ನು.

ಅವರು ತಮ್ಮ ಮೊಬೈಲ್ ತೆಗೆದು ತೋರಿಸಿದರು. ಅವರ ಅಳಿಯ ನನ್ನ ವೆಬ್‌ಸೈಟ್ ಪುಟದಿಂದ ತೆಗೆದು ಕಳಿಸಿದ ಫೋಟೊ: ಬಂಡೆಯ ಮೇಲೆ ನಗುತ್ತಾ ನಿಂತ ಇಬ್ಬರು, ಹಿಂದೆ ಅವರ ಶುಂಠಿ ಪಟ್ಟೆಗಳು, ಬೇಲಿ, ಪೈಪು, ಕೆಳಗೆ ನನ್ನ ಮೂರು ದಶಮಾಂಶದ ಅಕ್ಷಾಂಶ ರೇಖಾಂಶ. ಆಗಲೇ ಅವರು ವಿಷಯ ಹೇಳಿದ್ದು. ಆ ಗುಡ್ಡದಲ್ಲಿ ಐದು ಮನೆಯವರ ಹೊಲಗಳಿವೆ, ಐದೂ ಬಗರ್ ಹುಕುಂ. ಸರ್ಕಾರದ ಜಾಗವನ್ನು ಎರಡು ತಲೆಮಾರಿನಿಂದ ಉತ್ತು, ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಅವ್ವನದೂ ಅದರಲ್ಲಿ ಒಂದು.

"ಆದರೆ ಇದೆಲ್ಲ ಉಪಗ್ರಹದ ಚಿತ್ರದಲ್ಲಿ ಮೊದಲಿಂದಲೂ ಕಾಣಿಸುತ್ತೆ ರೀ," ಎಂದೆ. ಅದು ನಿಜ. ಹೇಳಿದ ಮೇಲೆ ನನಗೇ ಅದು ಪಾಠದ ಹಾಗೆ ಕೇಳಿಸಿತು.

"ಮ್ಯಾಲಿಂದ ನೋಡೋದು ಬೇರೆ ತಂಗಿ. ಇಲ್ಲಿ ಬಂದು ನಿಂತು, ಫೋಟೊ ತೆಗೆದು, ಇದು ಇಂಥಲ್ಲೇ ಐತೆ ಅಂತ ಊರಿಗೆಲ್ಲ ಹೇಳೋದು ಬೇರೆ. ನಮ್ಮ ಹೆಸ್ರೇ ಇಲ್ಲದ ಜಾಗಕ್ಕೆ ನೀವು ನಂಬರ್ ಕೊಟ್ರಿ. ಅರ್ಜಿ ಹಾಕ್ಕಂಡು ಸುಮ್ನೆ ಇರೋರು ನಾವು. ಯಾರ ಕಣ್ಣಿಗೂ ಬೀಳಬಾರ್ದು ಅಂತ ಬೇಲಿಗೆ ಹಂದಿ ಬೆದರಿಸೋ ಬಣ್ಣದ ಸೀರೆ ಸೈತ ಕಟ್ಟಲ್ಲ."

ಮಾತು ಕೇಳಿ ಅವ್ವ ಕೆಳಗಿನಿಂದ ಹತ್ತಿ ಬಂದರು. ಬರುತ್ತಲೇ, "ಎಂತೋ ಅದು, ಹೆಣ್ಣುಹುಡುಗಿ ಹತ್ರ ಜೋರು ಮಾಡ್ತೀಯ?" ಎಂದರು.

"ಜೋರು ಮಾಡಿಲ್ಲ ಅತ್ತಿಗೆ. ಡಬ್ಬಿ ತೆಗೀರಿ ಅಂದೆ."

"ಯಾಕೆ? ನಿನ್ನ ಶುಂಠಿ ಕದಿಯಕ್ಕೆ ಶಿವಮೊಗ್ಗದಿಂದ ಬೈಕ್ ಮಾಡ್ಕಂಡು ಬರ್ತಾರಾ?"

"ಶುಂಠಿ ಹೋದ್ರೆ ಮುಂದಿನ ವರ್ಷ ಬರ್ತದೆ. ಜಾಗ ಹೋದ್ರೆ?"

ಅವ್ವ ಬಂಡೆಯ ಮೇಲೆ ಕೂತರು. ಏದುಸಿರು ಕಮ್ಮಿಯಾಗುವವರೆಗೆ ನಾವಿಬ್ಬರೂ ಕಾದೆವು.

"ಶಾಲೆ ಹತ್ರ ಕಲ್ಲು ನಿಲ್ಲಿಸಿದಾರೆ," ಎಂದರು ನನ್ನ ಕಡೆ ನೋಡಿ. "ಆಗಸ್ಟ್‌ನಾಗೆ ಬರ್ತಾರೆ, ಹಾರ ಹಾಕ್ತಾರೆ, ಭಾಷಣ ಮಾಡ್ತಾರೆ. ಅದ್ರಾಗೆ ಅವರ ಹೆಸ್ರೇ ಜಾಸ್ತಿ. ಇಲ್ಲಿಗೆ ಬಂದೋರು ಪುಸ್ತಕ ತೆಗೆದು ಇವನ ಹೆಸ್ರು ಓದ್ತಾರೆ. ಜೋರಾಗಿ. ನಾನು ಕೆಳಗೆ ಸಗಣಿ ಬಾಚ್ತಾ ಇದ್ರೂ ಕೇಳ್ತದೆ. ನಾ ಇಲ್ಲಿಂದ ಕೂಗ್ತಿದ್ನಲ್ಲ, ಹಂಗೇ ಕೇಳ್ತದೆ." ಆಮೇಲೆ ಶುಂಠಿ ಹೊಲದವರ ಕಡೆ ತಿರುಗಿ, "ತೆಗೀಬ್ಯಾಡ ಅನ್ನು," ಎಂದರು.

ಅವರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. "ನಂಗೂ ಕೇಳ್ತದೆ ಅತ್ತಿಗೆ. ನಂಗೂ ಚೊಲೋ ಅನ್ನಿಸ್ತದೆ. ಆದ್ರೆ ಐದು ಮನೆ ಐತೆ." ಗುದ್ದಲಿ ಎತ್ತಿಕೊಂಡು ನನಗೆ, "ಶನಿವಾರದೊಳಗೆ ಏನಾದ್ರೂ ಮಾಡ್ರಿ. ನಾನೇ ತೆಗೆದು ಬಿಸಾಕೋ ಹಂಗೆ ಮಾಡಬ್ಯಾಡ್ರಿ," ಎಂದು ಹೋದರು.

ಅವತ್ತು ಸೋಮವಾರ. ಆ ನಾಲ್ಕು ದಿನ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಮನೆಗೆ ಬಂದ ತಕ್ಷಣ ಪಹಣಿ ತೆಗೆದು ನೋಡಿದೆ. ಸರ್ವೆ ನಂಬರಿನ ಮುಂದೆ, ಮಾಲೀಕರ ಹೆಸರಿನ ಜಾಗದಲ್ಲಿ, ಸರ್ಕಾರ ಎಂದಿತ್ತು. ಎರಡು ನಿಮಿಷವೂ ಬೇಕಾಗಲಿಲ್ಲ. ಮಂಗಳವಾರ ತರಗತಿಯಲ್ಲಿ ನಕ್ಷೆಯ ಮಾಪಕದ ಪಾಠವನ್ನು ಅರ್ಧಕ್ಕೆ ನಿಲ್ಲಿಸಿ ಹೊರಗೆ ಬಂದು ಮೊಬೈಲ್ ನೋಡಿದೆ: ಆರನೆಯ ಜಾಗಕ್ಕೆ ಈ ವಾರ ಬರುತ್ತೇವೆ ಎಂದು ಇಬ್ಬರು ಬರೆದಿದ್ದರು. ಬುಧವಾರ ಯಾವ ಅಗತ್ಯವೂ ಇಲ್ಲದೆ ಸ್ಕೂಟರ್ ತೆಗೆದು ಉಳಿದ ಐದೂ ಡಬ್ಬಿ ನೋಡಿಕೊಂಡು ಬಂದೆ. ಬಸ್ ಶೆಲ್ಟರಿನದು ಸರಿಯಿತ್ತು. ಗಿರಣಿಯದು ಸರಿಯಿತ್ತು. ಗಿರಣಿಯಿಂದ ಅರ್ಧ ದಾರಿ ಬಂದವಳು, ಮುಚ್ಚಳ ಒತ್ತಿದೆನೋ ಇಲ್ಲವೋ ಎಂದು ಮತ್ತೆ ಹಿಂದಕ್ಕೆ ಹೋದೆ.

"ಕಾಲಿಗೆ ಚಕ್ರ ಕಟ್ಕಂಡೀಯೇನು? ಒಂದು ತುತ್ತು ಕೂತ್ಕಂಡು ಉಣ್ಣು," ಎಂದಳು ಅಮ್ಮ. ನಾನು ನಿಂತೇ ಉಂಡೆ.

ತೆಗೆದರೆ ಅವ್ವನಿಗೆ ಆ ಕೂಗು ಇಲ್ಲ. ಬಿಟ್ಟರೆ, ಒಂದು ದಿನ ಏನಾದರೂ ಆದರೆ, ಐದು ಮನೆ, ಅದರಲ್ಲಿ ಅವ್ವನ ಹೊಲ ಮತ್ತು ಆ ಬಂಡೆಯೇ. ಏನೂ ಆಗದೆಯೂ ಇರಬಹುದು. ಆದರೆ ಆ ಸಾಧ್ಯತೆಯ ಮೇಲೆ ಡಬ್ಬಿ ಬಿಡುವ ಅಧಿಕಾರ ನನ್ನದಲ್ಲ. ಗುರುವಾರ ಕಾಲೇಜು ಮುಗಿದ ಮೇಲೆ ವೆಬ್‌ಸೈಟಿನಲ್ಲಿ ಆರನೆಯ ಪುಟವನ್ನು ಫೋಟೊಗಳ ಸಮೇತ ಅಳಿಸಿದೆ, ಬರುತ್ತೇವೆ ಎಂದಿದ್ದ ಇಬ್ಬರಿಗೂ ಬರಬೇಡಿ ಎಂದು ಬರೆದೆ. ನಕ್ಷೆಯಲ್ಲಿ ಐದು ಚುಕ್ಕೆ ಉಳಿದವು. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಸೌದೆಯ ಮೇಲಿನ ಫ್ಲೆಕ್ಸ್ ನೆನಪಾಯಿತು.

ಶುಕ್ರವಾರ ಮಧ್ಯಾಹ್ನ ಹೇಳಲು ಹೋದೆ. ಅವ್ವ ಅಂಗಳದಲ್ಲಿ ಭತ್ತ ಹರವುತ್ತಿದ್ದರು. ಶುಂಠಿ ಹೊಲದವರೂ ಜಗಲಿಯ ಮೇಲೆ ಕೂತಿದ್ದರು. ಬೈದಾಡಿಕೊಂಡ ಮೇಲೂ ಅವರ ಮಧ್ಯಾಹ್ನದ ಚಹಾ ಅಲ್ಲೇ ಎಂದು ಕಾಣುತ್ತದೆ.

"ತೆಗೆದ್ಯಾ?" ಎಂದರು ಅವ್ವ, ತಲೆ ಎತ್ತದೆ.

"ನಂಬರ್ ತೆಗೆದೆ ಅವ್ವಾ. ಡಬ್ಬಿ ಅಲ್ಲೇ ಇದೆ."

"ನಂಬರ್ ಇಲ್ದೆ ಹೆಂಗೆ ಬರ್ತಾರೆ?"

ಉತ್ತರ ಕೊಟ್ಟವರು ಶುಂಠಿ ಹೊಲದವರು. "ಯಾಕೆ, ನಿನ್ನ ತವರಿನೋರು ನಂಬರ್ ನೋಡ್ಕಂಡು ಬರ್ತಿದ್ರಾ? ಸ್ಟಾಪ್‌ನಾಗೆ ಇಳಿದು, ಇಂಥೋರ ಮನೆ ಎಲ್ಲಿ ಅಂತ ಕೇಳ್ಕಂಡು ಬರ್ಲಿ. ನೀನು ಕರ್ಕಂಡು ಹೋಗು ಮ್ಯಾಲಕ್ಕೆ. ನಿಂಗೆ ಆಗದಿದ್ರೆ ನಾ ಹೋಗ್ತೀನಿ. ನಮ್ಮ ಜೊತೆ ಬಂದೋರು ನಮ್ಮ ನೆಂಟರು, ಫೋಟೊ ಬ್ಯಾಡ ಅಂದ್ರೆ ತೆಗ್ಯಲ್ಲ."

ಈ ಆಟ ಆಡುವವರು ಕೇಳುವುದಿಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಅವ್ವನ ಯೋಚನೆ ಬೇರೆಯೇ ಇತ್ತು.

"ಕೇಳ್ತಾರೆ ಅಂತಿಟ್ಕ. ಹೇಳೋರು ಯಾರು? ಹನ್ನೊಂದು ವರ್ಷ ಆತು. ಸ್ಟಾಪ್‌ನಾಗೆ ಈಗ ಅಂಗಡಿ ಇಟ್ಟೋನು ಹೊರಗಿನೋನು. ಹೆಸ್ರು ಹೇಳಿದ್ರೆ, ಯಾರು ಅದು ಅಂತಾನೆ."

"ಗೊತ್ತಿರ್ತದೆ ಬಿಡು," ಎಂದರು ಅವರು. ಅವ್ವನ ಮುಖ ನೋಡಿ ಹೇಳಲಿಲ್ಲ, ಚಹಾದ ಲೋಟದೊಳಗೆ ನೋಡಿ ಹೇಳಿದರು.

ವಾಪಸು ಬರುವಾಗ ಸೊರಬದ ಹತ್ತಿರ ಐದನೆಯ ಡಬ್ಬಿಯ ಬಳಿ ನಿಲ್ಲಿಸಿ, ಅದರ ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ: "ಆರನೆಯದಕ್ಕೆ ನಂಬರ್ ಇಲ್ಲ." ಅದರ ಕೆಳಗೆ ಅವ್ವನ ಊರಿನ ಬಸ್ ಸ್ಟಾಪ್, ಮಗನ ಪೂರ್ತಿ ಹೆಸರು, "ಇವರ ಮನೆ ಎಲ್ಲಿ ಎಂದು ಕೇಳಿ." ಬರೆದ ಮೇಲೂ ಕೈಯಿಂದ ಪೆನ್ನು ಇಳಿಯಲಿಲ್ಲ. ಪರೀಕ್ಷಿಸದ ಜಾಗವನ್ನು ನಾನು ಯಾವತ್ತೂ ಪುಟಕ್ಕೆ ಹಾಕಿದವಳಲ್ಲ.

ಮರುದಿನ ಬೆಳಿಗ್ಗೆ ಸ್ಕೂಟರ್ ತೆಗೆಯಲಿಲ್ಲ. ಬಸ್ಸಿನಲ್ಲಿ ಸೊರಬಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಜಡೆ ದಾಟಿ ಅವ್ವನ ಊರಿನ ಸ್ಟಾಪಿನಲ್ಲಿ ಇಳಿದೆ. ಮೊಬೈಲನ್ನು ಬ್ಯಾಗಿನ ತಳಕ್ಕೆ ಹಾಕಿದ್ದೆ. ಅಂಗಡಿಯವರು ಬಾಳೆಗೊನೆ ತೂಗುಹಾಕುತ್ತಿದ್ದರು. ಅವರ ಮುಂದೆ ನಿಂತು, ಆ ಹೆಸರನ್ನು ಪೂರ್ತಿಯಾಗಿ ಹೇಳಿ, "ಮಿಲಿಟರಿಯಲ್ಲಿದ್ದವರು. ಅವರ ಮನೆ ಎಲ್ಲಿ ಬರುತ್ತೆ ರೀ?" ಎಂದು ಕೇಳಿದೆ.

"ಯಾರು?" ಎಂದರು ಅವರು.

ಮತ್ತೊಮ್ಮೆ ಹೇಳಿದೆ, ಇನ್ನೂ ಗಟ್ಟಿಯಾಗಿ. ಅವರಿಗೆ ಗೊತ್ತಿರಲಿಲ್ಲ. ಗೊನೆ ಬಿಟ್ಟು, ರಸ್ತೆಯಾಚೆ ಹಾಲಿನ ಕ್ಯಾನ್ ತೊಳೆಯುತ್ತಿದ್ದ ಹೆಂಗಸಿಗೆ ಕೇಳುವಂತೆ, ಅದೇ ಹೆಸರನ್ನು ಕೂಗಿ, "ಅವರ ಮನೆ ಯಾವ್ದು ಅಕ್ಕಾ?" ಎಂದರು.

"ಫೋನ್‌ಬಂಡೆ ಅವ್ವನ ಮಗ ಕಣೋ. ಅಷ್ಟೂ ಗೊತ್ತಿಲ್ವಾ ನಿಂಗೆ," ಎಂದು ಆಕೆ ಅಲ್ಲಿಂದಲೇ ಗದರಿದರು. ಆಮೇಲೆ ಕೈ ಒರೆಸಿಕೊಂಡು ರಸ್ತೆ ದಾಟಿ ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಯಾವೂರು ನಿಂದು? ಯಾರ ಮಗಳು?"

ಶಿಕಾರಿಪುರ ಎಂದೆ. ಅಪ್ಪನ ಹೆಸರು ಹೇಳಿದೆ. ಮದುವೆ ಆಗಿಲ್ಲ ಎಂದೆ. ಅಂಗಡಿಯವರು ಆ ಹೆಸರನ್ನು ಇನ್ನೊಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡು ಗೊನೆ ಎತ್ತಿಕೊಂಡರು. ಹೆಂಗಸು ಕೈ ಚಾಚಿ, ಹಾಲಿನ ಡೇರಿ ದಾಟಿ ಎಡಕ್ಕೆ, ಅಲ್ಲಿ ವಾಲಿದ ವೀರಗಲ್ಲು ಸಿಗುತ್ತದೆ, ಅದಕ್ಕೂ ಮೊದಲಿನ ಮನೆ ಎಂದರು. ಗೊತ್ತಿದ್ದ ದಾರಿಯನ್ನು ಕೊನೆಯವರೆಗೂ ಕೇಳಿಸಿಕೊಂಡೆ. ಆಮೇಲೆ ಅವರು ತೋರಿಸಿದ ಕಡೆಗೆ ನಡೆದೆ.